ಒಂದು ಗೇಣು ನಾಲ್ಕು ಬೆರಳು

ಹೊಸ ಬಟ್ಟೆಯ ಗಂಜಿ ವಾಸನೆಗೆ ಹೊಲಿಗೆ ಮಷೀನಿನ ಎಣ್ಣೆ ವಾಸನೆ ಕೂಡಿದರೆ ಒಂದು ಘಮ ಹುಟ್ಟುತ್ತದೆ ನೋಡಿ, ಅದು ಯಾವ ಅತ್ತರಿನ ಶೀಶೆಯಲ್ಲೂ ಸಿಗುವುದಿಲ್ಲ. ಮೊನ್ನೆ ಬಜಾಜ್ ನಗರದ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಮನೆಯಲ್ಲಿ ಬ್ಲೌಸು ಹೊಲಿಯುವ ಹೆಂಗಸು ಬಾಗಿಲು ತೆರೆದಿಟ್ಟುಕೊಂಡು ಯಾರದೋ ಮನೆಯ ಪರದೆಗೆ ಅಂಚು ಮಡಚುತ್ತಿದ್ದಳು. ಆ ಘಮ ಬಂದು ಮೂಗಿಗೆ ಬಡಿದದ್ದೇ ತಡ, ಕಾಯಿಪಲ್ಲೆ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಏನು ಬೇಕಿತ್ತು ಅಂತ ಆಕೆ ಮರಾಠಿಯಲ್ಲಿ ಕೇಳಿದಳು. ಏನಂತ ಹೇಳಲಿ? ನನಗೆ ಬೇಕಾದದ್ದು ಪ್ರತಾಪ ನಗರದ ಮೂರನೇ ಅಂತಸ್ತಿನ ಒಂದು ಮನೆ, ಆ ಮನೆಯ ವಾಸ್ತುಶಾಂತಿಗೆ ಮುಂಚಿನ ಹನ್ನೆರಡು ದಿನ. ಅದನ್ನು ಹೊಲಿದು ಕೊಡುವವರು ಯಾರಿದ್ದಾರೆ! ನೀವೂ ಮಷೀನಿನ ಸದ್ದು ಕೇಳುತ್ತ ಬೆಳೆದವರಾದರೆ ನನ್ನ ಕಷ್ಟ ನಿಮಗೆ ಗೊತ್ತಾದೀತು.

ನಾವು ಬಾಗಲಕೋಟೆ ಕಡೆಯವರು. ಅಪ್ಪನಿಗೆ ಸರ್ಕಾರಿ ನೌಕರಿ ನಾಗಪುರದಲ್ಲಿ ಸಿಕ್ಕಿತು ಅಂತ ಅವ್ವ ಅವನ ಹಿಂದೆ ಬಂದಳು, ಅಪ್ಪನ ತಾಯಿ ಅಂದರೆ ನಮ್ಮ ಆಯಿ ಇಬ್ಬರ ಹಿಂದೆ ಬಂದಳು, ನಾನು ಇಲ್ಲೇ ಹುಟ್ಟಿದೆ. ಒಂಬತ್ತು ವರ್ಷ ಎರಡು ಬಾಡಿಗೆ ಕೋಣೆಯಲ್ಲಿ ಬೆಳೆದೆ. ಆ ಮನೆಗೆ ಇದ್ದದ್ದು ಒಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದವರ ಗೋಡೆ. ಕೈ ಚಾಚಿದರೆ ಆ ಗೋಡೆಯ ಸುಣ್ಣ ಬೆರಳಿಗೆ ಹತ್ತುತ್ತಿತ್ತು. ಇಂಥದ್ದರಲ್ಲಿ ಅಪ್ಪ ಸ್ವಂತದ್ದೊಂದು ಫ್ಲ್ಯಾಟು ತಗೊಂಡ ಅಂದರೆ ನಮ್ಮ ಮನೆಯಲ್ಲಿ ಏನು ಸಂಭ್ರಮ ಎದ್ದಿರಬೇಕು ನೀವೇ ಯೋಚನೆ ಮಾಡಿ. ನಾಲ್ಕು ಕಿಟಕಿ! ನಾಲ್ಕಕ್ಕೂ ಗಾಳಿ, ನಾಲ್ಕಕ್ಕೂ ಬೆಳಕು. ನಾನು ಶಾಲೆಯಲ್ಲಿ ಎಲ್ಲರಿಗೂ ಸಾರಿಕೊಂಡು ಬಂದೆ, ನಮ್ಮ ಮನೆಗೆ ನಾಲ್ಕು ಕಿಟಕಿ ಅಂತ. ನಿಮ್ಮ ಮನೆಗೆ ಮೊದಲು ಕಿಟಕಿಯೇ ಇರಲಿಲ್ಲವೇನೇ ಅಂತ ಒಬ್ಬಳು ಕೇಳಿದ್ದಕ್ಕೆ ಅವಳ ಜೊತೆ ಮಾತು ಬಿಟ್ಟೆ.

ಕಿಟಕಿ ಬಂದವು ಅಂದಮೇಲೆ ಪರದೆ ಬೇಡವೇ? ನಾಗಪುರದ ಮೇ ತಿಂಗಳ ಬಿಸಿಲು ಅಂದರೆ ಹುಡುಗಾಟದ್ದಲ್ಲ, ಮುಂಜಾನೆ ಒಂಬತ್ತಕ್ಕೇ ಒಲೆ ಮುಂದೆ ಕೂತಂತೆ ಆಗುತ್ತದೆ. ರೆಡಿಮೇಡ್ ತಂದುಬಿಡೋಣ, ಜಲ್ದಿ ಆಗತೈತಿ ಅಂದ ಅಪ್ಪ. ಆಯಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಮನಿ ನಮ್ಮದು, ಪಡದಿ ಮಂದೀದೇನು? ಹೊಲಿಯೂ ಕೈ ನಾಕು ಅದಾವು ಮನ್ಯಾಗ" ಅಂದಳು. ಅಲ್ಲಿಗೆ ಅಪ್ಪನ ಮಾತು ಮುಗಿಯಿತು. ಆ ನಾಲ್ಕು ಕೈಯಲ್ಲಿ ಎರಡು ಆಯಿಯವು, ಎರಡು ಅವ್ವನವು. ಗುಳೇದಗುಡ್ಡದ ತವರಿನಿಂದ ಅವ್ವ ತಂದಿದ್ದ ಕೈಮಷೀನು ಅವ್ವನದು, ಕಪ್ಪು ಹಿಡಿಕೆಯ ದೊಡ್ಡ ಕತ್ತರಿ ಆಯಿಯದು. ಕತ್ತರಿಸುವುದು ಆಯಿ, ಕೂಡಿಸುವುದು ಅವ್ವ. ಅತ್ತೆ ಮಷೀನು ಮುಟ್ಟುತ್ತಿರಲಿಲ್ಲ, ಸೊಸೆ ಕತ್ತರಿ ಮುಟ್ಟುತ್ತಿರಲಿಲ್ಲ. ಬೇರೆ ಎಲ್ಲದಕ್ಕೂ ಇಬ್ಬರಿಗೂ ದಿನಾ ಒಂದು ಜಗಳ ಇರುತ್ತಿತ್ತು, ಈ ಒಂದು ವಿಷಯಕ್ಕೆ ಒಂದು ದಿನವೂ ಮಾತು ಬಂದದ್ದಿಲ್ಲ.

ಆಯಿ ಟೇಪು ಮುಟ್ಟಿದವಳೇ ಅಲ್ಲ. ಮೊಳಕೈಯಿಂದ ನಡುಬೆರಳಿನ ತುದಿಯ ತನಕ ಒಂದು ಮೊಳ, ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಚಾಚಿದರೆ ಒಂದು ಗೇಣು, ಅದಕ್ಕಿಂತ ಸಣ್ಣದಕ್ಕೆ ಬೆರಳಿನ ಎಣಿಕೆ. ನನ್ನ ಲಂಗ, ಅಪ್ಪನ ಪಾಯಜಾಮ, ಗಾದಿಯ ಗಲೀಫು ಎಲ್ಲಾ ಆ ಒಂದು ಕೈಯ ಅಳತೆಯಲ್ಲೇ ಆಗಿದ್ದವು, ಒಂದೂ ಹೆಚ್ಚುಕಡಿಮೆ ಆದದ್ದಿಲ್ಲ. ಟೇಪು ತಗೊಳ್ಳ್ರಿ ಅಂತ ಅಪ್ಪ ಚುಡಾಯಿಸಿದರೆ, ಟೇಪು ಮನಿ ಬಿಟ್ಟು ಹೋಗತೈತಿ, ಕೈ ಎಲ್ಲಿ ಹೋಗತೈತೋ ಅನ್ನುತ್ತಿದ್ದಳು. ಆದರೆ ಮಂಡಿ ನೋವಿನ ಆಯಿಗೆ ಮೂರು ಅಂತಸ್ತು ಹತ್ತಿ, ಸ್ಟೂಲಿನ ಮೇಲೆ ನಿಂತು ಕಿಟಕಿ ಅಳೆಯುವುದು ಆಗದ ಮಾತು. ಅದಕ್ಕೆ ಆಕೆ ಒಂದು ಉಪಾಯ ಮಾಡಿದಳು. ಹಳೇ ಲಂಗದ ಲಾಡಿ ಎಳೆದು ತೆಗೆದು, ತನ್ನ ಕೈಗೆ ಹಚ್ಚಿ ಮೊಳಕ್ಕೊಂದು ಗಂಟು ಹಾಕಿ, ನನ್ನ ಕೈಗೆ ಕೊಟ್ಟಳು. "ವಿಜೀ, ಸರಳು ಹಾಕೂ ಮೊಳಿಯಿಂದ ಕೆಳಗ ಕಟ್ಟಿ ಮುಚ್ಚೂತನಕ ಎಷ್ಟು ಗಂಟು ಬರತಾವ ಎಣಿಸಿ ಬಾ. ನಿನ್ನ ಕೈಯಾಗ ಐತಿ ಎಲ್ಲಾ" ಅಂದಳು. ನನ್ನ ಕೈಯಲ್ಲಿ ಎಲ್ಲಾ ಇದೆ! ಒಂಬತ್ತು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದಿದೆ? ಭಾನುವಾರ ಅಪ್ಪನ ಸ್ಕೂಟರಿನ ಮುಂದೆ ನಿಂತು, ಲಾಡಿಯನ್ನು ಕೈಗೆ ಸುತ್ತಿಕೊಂಡು, ನಾನೇ ಮನೆ ಕಟ್ಟಿಸಿದವಳ ಹಾಗೆ ಹೋದೆ.

ಹೋದವಳು ಸುಮ್ಮನೆ ಅಳೆಯಬಾರದೇ? ಅಪ್ಪ ಕೆಳಗೆ ನಲ್ಲಿಯವನ ಜೊತೆ ಮಾತಿಗೆ ನಿಂತಿದ್ದ. ನಾನು ಮೇಲೆ ಕಿಟಕಿಯ ಹತ್ತಿರ ನಿಂತು, ಈ ಲಾಡಿ ನೆಲಕ್ಕೆ ಮುಟ್ಟೀತೇ ನೋಡೋಣ ಅಂತ ಹೊರಗೆ ಇಳಿಬಿಟ್ಟೆ. ಎಲ್ಲಿ ಮುಟ್ಟಬೇಕು! ಇನ್ನೂ ಬಗ್ಗಿದೆ, ಇನ್ನೂ ಬಗ್ಗಿದೆ, ಕೈ ಜಾರಿತು. ಲಾಡಿ ಗಾಳಿಯಲ್ಲಿ ತೇಲಾಡುತ್ತ ಹೋಗಿ ರಸ್ತೆಯಲ್ಲಿ ನಿಂತಿದ್ದ ಒಂದು ಟೆಂಪೋದ ತಟ್ಟಿನ ಮೇಲೆ ಬಿತ್ತು. ನಾನು ಬಾಯಿ ತೆರೆಯುವುದರೊಳಗೆ ಟೆಂಪೋ ಹೊರಟುಹೋಯಿತು. ನನ್ನ ಕೈಯಿಂದ ಅಳೆದರೆ ಅದು ಸಣ್ಣ ಕೈ, ದೊಡ್ಡವರ ಮೊಳ ಬೇರೆ, ಅಷ್ಟು ಬುದ್ಧಿ ನನಗಿತ್ತು. ಒಳಗಿನ ಕೋಣೆಗೆ ಬಣ್ಣ ಬಳಿಯುತ್ತಿದ್ದ ಪೇಂಟರ್ ಕಾಕಾ ದೊಡ್ಡವನಲ್ಲವೇ? ಆರಡಿ ಆಳು, ಛಿಂದವಾಡಾ ಕಡೆಯವನು. ಹೋಗಿ ಕೈ ಹಿಡಿದು ಎಳೆದೆ. ಅವನು ನಕ್ಕು, ಅರೇ ಬೇಟಾ, ಲೇ ಲೇ ನಾಪ್ ಅನ್ನುತ್ತ, ಸ್ಟೂಲು ಕೂಡ ಇಲ್ಲದೆ ನಾಲ್ಕೂ ಕಿಟಕಿಗೆ ತನ್ನ ಉದ್ದನೆಯ ತೋಳು ಹಚ್ಚಿ ಅಳೆದುಕೊಟ್ಟ. ಎಲ್ಲವೂ ಬರೋಬರ್ ನಾಲ್ಕು ಮೊಳ. ಆಹಾ, ನನ್ನ ಜಾಣತನಕ್ಕೆ ನಾನೇ ಮರುಳಾದೆ. ದೊಡ್ಡವರ ಕೈ ದೊಡ್ಡವರ ಕೈಯೇ ಅಲ್ಲವೇ ಅಂದುಕೊಂಡೆ. ಮನೆಗೆ ಬಂದು "ನಾಕು ಮೊಳ ಆಯಿ, ನಾಕಕ್ಕೂ ನಾಕು" ಅಂದೆ. ಲಾಡಿ ಎಲ್ಲಿ ಅಂತ ಕೇಳಿದರೆ ಅಲ್ಲೇ ಮರೆತೆ ಅಂದೆ. ಹೋಗಲಿ ಬಿಡು, ಕೈ ಐತಲ್ಲ ಅಂದಳು ಆಯಿ.

ಮರುದಿನ ಸಂಜೆ ಸದರ್ ಬಜಾರಿಗೆ ಮೆರವಣಿಗೆ ಹೊರಟಿತು. ಒಂದೇ ರಿಕ್ಷಾದಲ್ಲಿ ಆಯಿ, ಅವ್ವ, ಅವರ ನಡುವೆ ಉಸಿರು ಕಟ್ಟಿಕೊಂಡು ನಾನು. ಬಟ್ಟೆ ಅಂಗಡಿಯವನು ಥಾನಿನ ಮೇಲೆ ಥಾನು ಬಿಚ್ಚಿ ಎಸೆದ. ಆಯಿ ಒಂದೊಂದನ್ನೂ ಮೂಸಿ, ಹೆಬ್ಬೆರಳಲ್ಲಿ ತಿಕ್ಕಿ, ಎಳೆ ಎಳೆದು ನೋಡಿ, ಇದರಾಗ ಪ್ಲಾಸ್ಟಿಕ್ ಐತಿ ಅಂತ ಹಿಂದಕ್ಕೆ ತಳ್ಳುತ್ತ ಹೋದಳು. ಕೊನೆಗೆ ಒಂದು ತಿಳಿ ಹಸಿರು, ಹುಣಸೆ ಚಿಗುರಿನಂಥದ್ದು, ಅದರ ಗಂಜಿ ವಾಸನೆಗೆ ಅಂಗಡಿಯೆಲ್ಲಾ ಘಮ್ಮಂದಿತು. ಕಿಟಕಿಗೆ ಎರಡು ಪಟ್ಟಿ, ಪಟ್ಟಿಗೆ ನಾಲ್ಕು ಮೊಳ, ಮಡಚಲಿಕ್ಕೆ ಒಟ್ಟು ಮೂರು, ಎಲ್ಲಾ ಸೇರಿ ಮೂವತ್ತೈದು ಮೊಳ. ಆಯಿ ಕೌಂಟರಿನ ಮೇಲೇ ಬಟ್ಟೆ ಎಳೆದುಕೊಂಡು ಸರಸರ ಅಳೆದು ಬೆರಳಿಟ್ಟು ತೋರಿಸಿದಳು. ಅಂಗಡಿಯವನು ನಗುತ್ತ ತನ್ನ ಮೀಟರು ಕೋಲು ಹಚ್ಚಿದ. ಹದಿನೈದು ಮೀಟರ್, ಮೇಲೆ ಎರಡು ಬೆರಳು. ಅವನ ನಗು ಅಲ್ಲೇ ನಿಂತಿತು. ಆಜಿ, ನಮ್ಮ ಅಂಗಡಿಗೆ ಕೆಲಸಕ್ಕೆ ಬರ್ತೀರಾ ಅಂತ ಹಿಂದಿಯಲ್ಲಿ ಕೇಳಿದ. ನಿನ್ನ ಕೋಲು ಬರೋಬರ್ ಐತಿ, ಇಟ್ಟಕೋ ಅಂತ ಆಯಿ ಕನ್ನಡದಲ್ಲೇ ಸರ್ಟಿಫಿಕೇಟು ಕೊಟ್ಟಳು. ರಿಕ್ಷಾದಲ್ಲಿ ಬರುವಾಗ ಮೂವರೂ ಆ ಮಾತಿಗೆ ಬಿದ್ದು ಬಿದ್ದು ನಕ್ಕೆವು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮನೆ ತುಂಬ ಹಸಿರು ಬಟ್ಟೆ. ಮುಂಜಾನೆ ಅಪ್ಪ ಆಫೀಸಿಗೆ ಹೊರಟದ್ದೇ ಚಾಪೆ ಬಿತ್ತು, ಕತ್ತರಿ ಬಂತು. ಆಯಿ ಅಳೆದು ಕರ್ ಕರ್ ಅಂತ ಕತ್ತರಿಸುತ್ತಿದ್ದಳು, ಒಂದು ಗೆರೆ ಹಾಕಿಕೊಳ್ಳದೆ. ಅವ್ವ ಮಷೀನಿನ ಹಿಡಿಕೆ ತಿರುಗಿಸುತ್ತಿದ್ದಳು, ನಾನು ಆ ಕಡೆ ಕೂತು ಬಟ್ಟೆ ಎಳೆದುಕೊಳ್ಳುತ್ತಿದ್ದೆ. ಪರದೆ ಆದ ಮೇಲೆ ಸೋಫಾದ ದಿಂಬುಗಳ ಸರದಿ ಬಂತು. ಅವ್ವನ ಟ್ರಂಕಿನಲ್ಲಿ ವರ್ಷಾನುಗಟ್ಟಲೆ ಉಡಿ ತುಂಬಿಸಿಕೊಂಡಾಗ ಬಂದ ಖಣಗಳಿದ್ದವು, ಕೆಂಪು, ನವಿಲು ಬಣ್ಣ, ಬದನೆ ಬಣ್ಣ, ಅಂಚಿನಲ್ಲಿ ಮಿರಮಿರ ಮಿಂಚುವಂಥವು. ಎಷ್ಟಂತ ಕುಪ್ಪಸ ಹೊಲಿಸಿಕೊಳ್ಳಲಿ, ದಿಂಬಿಗೆ ಹಾಕೋಣ ಅಂದಳು ಅವ್ವ. ಆಯಿ ಹೌಹಾರಿದಳು. "ಉಡಿ ಖಣದ ಮ್ಯಾಲೆ ಕುಂಡಿ ಇಡತೀರೇನು? ಲಕ್ಷ್ಮಿ ಇರತಾಳೇನು ಮನ್ಯಾಗ?" ಅರ್ಧ ದಿನ ಇಬ್ಬರದೂ ವಾದ ನಡೆಯಿತು. ಕೊನೆಗೆ ಅಳೆದು ಸುರಿದು ಒಂದು ತೀರ್ಮಾನಕ್ಕೆ ಬಂದರು. ಕೂಡುವ ದಿಂಬಿಗೆ ಬೇಡ, ಬೆನ್ನಿಗೆ ಒರಗುವ ದಿಂಬಿಗೆ ಆದೀತು, ಬೆನ್ನಿಗೆ ಪಾಪ ಇಲ್ಲ. ಹಾಗೆ ಎಂಟು ಬೆನ್ನುದಿಂಬು ಆದವು.

ದಿಂಬಿಗೆ ತುಂಬಲು ಬೂರುಗದ ಹತ್ತಿ ಬಂತು. ಆ ಹತ್ತಿ ಉಸಿರು ಬಿಟ್ಟರೂ ಹಾರುತ್ತದೆ, ಹಾಗಾಗಿ ಕಿಟಕಿ ಮುಚ್ಚಿ, ಫ್ಯಾನು ಬಂದ್ ಮಾಡಿ, ಮೂವರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೆವರು ಸುರಿಸುತ್ತ ಕೂತಿದ್ದೆವು. ಅಷ್ಟರಲ್ಲಿ ಬಿಸಿಲಲ್ಲಿ ಬೆಂದು ಬಂದ ಅಪ್ಪ, ಏನಿದು ಇಷ್ಟು ಸೆಕೆ ಅನ್ನುತ್ತ ರೂಢಿಯಂತೆ ಫ್ಯಾನಿನ ಗುಂಡಿ ಒತ್ತಿಬಿಟ್ಟ. ಅಯ್ಯಯ್ಯೋ! ಒಂದು ಚಣದಲ್ಲಿ ಮನೆಯೊಳಗೆ ಯಾರು ಎಲ್ಲಿದ್ದಾರೆ ಕಾಣದಂತಾಯಿತು. ಆಯಿಯ ಹುಬ್ಬಿನ ಮೇಲೆ ಹತ್ತಿ, ಅಪ್ಪನ ಮೀಸೆಗೆ ಹತ್ತಿ, ಒಲೆಯ ಮೇಲಿದ್ದ ಸಾರಿನೊಳಗೆ ಹತ್ತಿ. ಬಂದ್ ಮಾಡ್ರಿ, ಬಂದ್ ಮಾಡ್ರಿ ಅಂತ ಅವ್ವ ಚೀರುತ್ತಿದ್ದಳು, ಅಪ್ಪ ಗಾಬರಿಯಲ್ಲಿ ಇನ್ನೂ ಜೋರು ಮಾಡಿದ. ನಾನು ಕೈ ಚಾಚಿ ಗರಗರ ತಿರುಗಿದೆ. ಅವತ್ತು ಹತ್ತಿ ಸಾರಿನ ಊಟ ಮಾಡಿ ಮಲಗಿದೆವು. ಅಷ್ಟು ನಕ್ಕ ದಿನ ನನ್ನ ಬಾಳಿನಲ್ಲಿ ಇನ್ನೊಂದು ಬಂದಿಲ್ಲ.

ವಾಸ್ತುಶಾಂತಿಯ ಹಿಂದಿನ ದಿನ ಮಧ್ಯಾಹ್ನ ಆಯಿಯನ್ನು ಕುರ್ಚಿಯ ಮೇಲೆ ಕೂಡಿಸಿ, ಅಪ್ಪ ಮತ್ತು ಪಕ್ಕದ ಮನೆಯವರು ಮೂರು ಅಂತಸ್ತು ಹೊತ್ತು ತಂದರು. ಆಯಿ ಆ ಮನೆಯನ್ನು ನೋಡುತ್ತಿದ್ದದ್ದು ಅದೇ ಮೊದಲು. ಕಣ್ಣರಳಿಸಿ ಹಾಲಿನ ನಡುವೆ ಕೂತಳು, ಹಚ್ಚ್ರಿ ಪಡದಿ ಅಂತ ಅಪ್ಪಣೆ ಕೊಟ್ಟಳು. ಅಪ್ಪ ಸ್ಟೂಲು ಹತ್ತಿ ಮೊದಲನೇ ಪರದೆಯನ್ನು ಸರಳಿಗೆ ಪೋಣಿಸಿ ಕೆಳಗೆ ಬಿಟ್ಟ. ಬಿಟ್ಟದ್ದು ಕಟ್ಟೆಗೆ ಮುಟ್ಟಲೇ ಇಲ್ಲ. ತುಂಡು ಚಡ್ಡಿ ಹಾಕಿದ ದೊಡ್ಡ ಮನುಷ್ಯನ ಹಾಗೆ ಮೇಲೇ ನಿಂತಿತು, ಅದರ ಕೆಳಗಿನಿಂದ ಬಿಸಿಲು ನೇರ ಆಯಿಯ ಕಾಲ ಮೇಲೆ ಬಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಆಯಿ ಎದ್ದು ಹೋಗಿ ಕೊರತೆಯನ್ನು ಅಳೆದಳು. ಒಂದು ಗೇಣು, ನಾಲ್ಕು ಬೆರಳು. ನನಗೆ ಆಗಲೇ ಹೊಳೆಯಿತು. ಪೇಂಟರ್ ಕಾಕಾನ ಆ ಉದ್ದ ತೋಳು ಕಣ್ಣ ಮುಂದೆ ಬಂತು. ಅವನು ಇದ್ದಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದ, ಕೆಲಸ ಮುಗಿಸಿ ಊರಿಗೆ ಹೋಗಿದ್ದ. ಅವನಿಲ್ಲ ಅಂತ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ! ಆ ಸಮಾಧಾನಕ್ಕೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ನೀನು ಬರೋಬರ್ ಎಣಿಸಿದ್ದೆಯೇನೇ ಅಂತ ಅವ್ವ ಕೇಳಿದಳು. ನಾನು ತಲೆ ಆಡಿಸುವ ಮೊದಲೇ ಆಯಿ ಅಡ್ಡ ಬಂದಳು. "ಹುಡುಗಿಗೆ ಯಾಕ ಅಂತೀ? ಗಂಟು ಎಣಿಸಾಕ ಆಕಿಗೆ ಬರತೈತಿ. ಕತ್ತರಿಸಿದಾಕಿ ನಾನು, ನನ್ನ ಕೈಯೇ ತಪ್ಪೇತಿ." ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ. ಅಷ್ಟೇ ಸಾಕಾಯಿತು.

ಆದರೆ ಅವ್ವ ಕೈ ಕಟ್ಟಿ ಕೂಡುವವಳಲ್ಲ. ಸೊಂಟಕ್ಕೆ ಸೆರಗು ಸಿಗಿಸಿ ಎಂಟು ದಿಂಬಿನ ಗಲೀಫೂ ಬಿಚ್ಚಿದಳು. ಖಣಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಮಷೀನನ್ನು ನೆಲಕ್ಕೆ ಇಟ್ಟುಕೊಂಡು, ಪ್ರತಿ ಪರದೆಯ ಕೆಳಗೂ ಒಂದು ಗೇಣು ನಾಲ್ಕು ಬೆರಳಿನ ಅಂಚು ಕೂಡಿಸುತ್ತ ಹೋದಳು. ಅಪ್ಪ ಹಿಡಿಕೆ ತಿರುಗಿಸಿದ, ನಾನು ಗುಂಡುಸೂಜಿ ಕೊಟ್ಟೆ. ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಪರದೆ ನಿಂತವು, ತಿಳಿ ಹಸಿರಿನ ಕೆಳಗೆ ಕೆಂಪು, ನವಿಲು, ಬದನೆ. ಮದುವೆ ಹೆಣ್ಣಿಗೆ ಉಡಿಸಿದ ಹಾಗೆ! ಗಡಿಬಿಡಿಯಲ್ಲಿ ಯಾರೂ ಗಮನಿಸದ ಒಂದನ್ನು ನಾನು ಗಮನಿಸಿದ್ದೆ. ಆ ಖಣಗಳನ್ನು ಕತ್ತರಿಸಿದ್ದು ಅವ್ವ. ಆಯಿಯ ಪಕ್ಕದಲ್ಲಿದ್ದ ಕತ್ತರಿಯನ್ನು ಕೇಳದೆ ಎತ್ತಿಕೊಂಡಿದ್ದಳು, ಆಯಿ ಬೇಡ ಅನ್ನಲಿಲ್ಲ. ಮರುದಿನ ಬಂದವರೆಲ್ಲಾ ಪರದೆಯ ಮುಂದೆಯೇ ನಿಂತರು. ಮರಾಠಿಯವರು, ಹಿಂದಿಯವರು, ನಮ್ಮ ಕಡೆಯ ಹತ್ತು ಮನೆಯವರು, ಎಲ್ಲರ ಬಾಯಲ್ಲೂ ಅವ್ವನ ಕೈಚಳಕದ್ದೇ ಮಾತು. ಮುಂದೆ ಆ ಬಿಲ್ಡಿಂಗಿನ ಮೂರು ಮನೆಯಲ್ಲಿ ಅದೇ ನಮೂನೆಯ ಪರದೆ ಬಂದವು. ಬೋಳು ದಿಂಬುಗಳನ್ನು ಯಾರೂ ನೋಡಲಿಲ್ಲ.

ಅದಾದ ಮೇಲೆ ಆಯಿ ನಾಲ್ಕು ವರ್ಷ ಇದ್ದಳು. ಕತ್ತರಿ ಮಾತ್ರ ಆಕೆಯ ಪಕ್ಕಕ್ಕೆ ಮತ್ತೆ ಬರಲಿಲ್ಲ. ಕಣ್ಣಾಗ ಪೊರಿ ಬಂದಾವು, ಕೈ ಕೊಯ್ಕೊಂಡೀರಿ ಅಂತ ಅವ್ವ ಪ್ರೀತಿಯಿಂದಲೇ ಅದನ್ನು ಕಪಾಟಿನ ಮೇಲೆ ಇಟ್ಟಿದ್ದಳು. ಆಮೇಲಿನ ನನ್ನ ಲಂಗಗಳನ್ನು ದರ್ಜಿ ಹೊಲಿದ. ಆಯಿ ಮಧ್ಯಾಹ್ನ ಒಬ್ಬಳೇ ಇದ್ದಾಗ ತನ್ನ ಮಂಚದ ಅಗಲಕ್ಕೆ ಕೈ ಹಚ್ಚಿ ಅಳೆಯುತ್ತಿದ್ದಳು. ಊರಿನಿಂದ ತಂದ ಮಂಚ ಅದು, ಮೂರು ಮೊಳ ಅಂತ ಆಕೆಗೆ ಗೊತ್ತು. ಅಳೆದು, ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಈಗೂ ಮೂರೇ ಬರತೈತಿ, ಅವತ್ತು ಯಾಕ ಹಂಗಾತು?" ಅಂತ ತನ್ನಷ್ಟಕ್ಕೆ ಅನ್ನುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಮೊದಲು ಏಟಿನ ಹೆದರಿಕೆ ಇತ್ತು. ಆಮೇಲೆ ಇಷ್ಟು ದಿನ ಹೇಳಲಿಲ್ಲವಲ್ಲ ಅನ್ನುವ ನಾಚಿಕೆ ಬಂತು. ಆಮೇಲೆ ಆಯಿಯೇ ಇಲ್ಲವಾದಳು. ಈ ಪರದೆಯ ಕಥೆ ನಮ್ಮ ಮನೆಯ ನಗೆಚಾಟಿಕೆಯಾಗಿ ಉಳಿಯಿತು, ಹಬ್ಬಕ್ಕೊಮ್ಮೆ ಯಾರಾದರೂ ಎತ್ತುತ್ತಿದ್ದರು, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಈಗ ಅಪ್ಪನೂ ಇಲ್ಲ. ಅವ್ವ ನನ್ನ ಜೊತೆ ಬಜಾಜ್ ನಗರದಲ್ಲಿದ್ದಾಳೆ. ಪ್ರತಾಪ ನಗರದ ಆ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ಹೋದ ತಿಂಗಳು ಬೀಗದ ಕೈ ಒಪ್ಪಿಸಬೇಕಾಗಿತ್ತು. ಬಜಾರಿಗೆ ಹೊರಟವಳ ಹಾಗೆ ಹುರುಪಿನಿಂದ ಅವ್ವನೂ ಹೊರಟಳು. ಖಾಲಿ ಹಾಲಿನಲ್ಲಿ ನಮ್ಮ ಮಾತು ನಮಗೇ ತಿರುಗಿ ಕೇಳುತ್ತಿತ್ತು. ಅವ್ವ ಬೋಳು ಕಿಟಕಿಯ ಕಟ್ಟೆ ಸವರುತ್ತ, "ಇಲ್ಲೇ ನೋಡ ವಿಜಿ, ನಿಮ್ಮಾಯಿ ಕೈ ತಪ್ಪಿದ್ದು" ಅಂತ ಶುರು ಮಾಡಿ ನಕ್ಕಳು. ನೂರು ಸಲ ಕೇಳಿದ ಮಾತು ಅದು. ಅವತ್ತು ಮಾತ್ರ ನನಗೆ ನಗು ಬರಲಿಲ್ಲ. ಹೇಳಿಬಿಟ್ಟೆ. ಲಾಡಿ, ಟೆಂಪೋ, ಪೇಂಟರ್ ಕಾಕಾನ ತೋಳು, ಎಲ್ಲಾ ಹೇಳಿದೆ. ಹೇಳಿ, ಬೈಯಲಿ ಅಂತ ನಿಂತೆ.

ಅವ್ವ ಬೈಯಲಿಲ್ಲ. ಕಿಟಕಿಯನ್ನು ಮೇಲಿಂದ ಕೆಳಗೆ ನಿಧಾನ ನೋಡಿದಳು.

"ಹಂಗಾದ್ರ ಅತ್ತಿಯವರ ಮೊಳ ಬರೋಬರ್ ಇತ್ತು" ಅಂದಳು.

ಆಮೇಲೆ ಗೋಡೆ ಹಿಡಿದುಕೊಂಡು ಆ ಧೂಳಿನ ನೆಲದ ಮೇಲೆಯೇ ಕೂತಳು, ನಾನೂ ಪಕ್ಕದಲ್ಲಿ ಕೂತೆ. ಅವ್ವ ನನ್ನ ಕಡೆ ನೋಡದೆ, "ಒಂದು ಸಲ ಕೇಳಿದ್ರು ವಿಜಿ. ನಿನ್ನ ಲಂಗದ ಬಟ್ಟಿ ಬಂದಿತ್ತು. ಕತ್ತರಿ ಕೊಡವಾ, ಹಗೂರಕ ಕತ್ತರಿಸತೇನಿ ಅಂದ್ರು. ಬ್ಯಾಡ ಬಿಡ್ರಿ, ಬಟ್ಟಿ ಹಾಳಾಗತೈತಿ ಅಂದೆ" ಅಂದಳು.

ಬೀಗದ ಕೈ ಕೊಡುವುದಿತ್ತು. ಕೆಳಗಿನಿಂದ ಕರೆಯುತ್ತಿದ್ದರು. ನಾವಿಬ್ಬರೂ ಏಳಲಿಲ್ಲ.